ದಾಳವನ್ನೂ ಪರೀಕ್ಷೆಗೆ ಹಚ್ಚಿದ ಪತ್ರಿಕೆಗಳು

‘ರಾತ್ರಿಯೆಲ್ಲ ದಾಳ ಹಾಕ್ತಾ ಕೂತಿರ್ತಾನಂತೆ ಕಣೋ. ಜೂಜೋ ಏನೋ ಗೊತ್ತಿಲ್ಲ. ನೀನು ಮೇಷ್ಟ್ರು, ನಿನ್ನ ಮಾತಾದ್ರೂ ಕೇಳ್ತಾನೆ. ಒಂದ್ಸಲ ಹೋಗಿ ಬುದ್ಧಿ ಹೇಳಿ ಬಾ.’

ಫೋನಿನಲ್ಲಿ ಅಕ್ಕನ ದನಿ ನಡುಗುತ್ತಿತ್ತು. ಅವಳ ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಒಂದು ಭಾನುವಾರ ಹೇಳದೆ ಕೇಳದೆ ಅವನ ರೂಮಿಗೆ ಹೋದೆ. ಐದಾರು ಹುಡುಗ ಹುಡುಗಿಯರು ಮೇಜಿನ ಸುತ್ತ ಕೂತಿದ್ದರು. ಹಣದ ಸುಳಿವಿಲ್ಲ. ಗ್ರಾಫ್ ಹಾಳೆಯ ಮೇಲೊಂದು ನಕ್ಷೆ, ಪೆನ್ಸಿಲ್ಲು, ರಬ್ಬರು. ಜೊತೆಗೆ ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳ ದಾಳಗಳು! ಇಪ್ಪತ್ತೈದು ವರ್ಷಗಳಿಂದ ಕಪ್ಪುಹಲಗೆಯ ಮೇಲೆ ನಾನು ಪರದಾಡಿ ಬಿಡಿಸುತ್ತಿದ್ದ ನಿಯಮಿತ ಘನಾಕೃತಿಗಳು ಅಲ್ಲಿ ಉರುಳಾಡುತ್ತಿದ್ದವು.

‘ಇದರ ಇತಿಹಾಸ ಬೇಕಾದ್ರೆ ಇದನ್ನ ನೋಡಿ ಮಾವ’ ಎಂದು ಅಳಿಯ ಒಂದು ಕಟ್ಟು ಮುಂದಿಟ್ಟ. ಅಮೆರಿಕದಿಂದ ಗೆಳೆಯನ ಬಂಧುಗಳು ತಂದುಕೊಟ್ಟ ಹಳೆಯ ಪತ್ರಿಕೆಗಳು, ಕೆಲವು ಜೆರಾಕ್ಸ್ ಪ್ರತಿಗಳು. ಬುದ್ಧಿ ಹೇಳಲು ಹೋದವನು ಸಂಜೆಯವರೆಗೆ ಓದುತ್ತ ಕೂತೆ.

ಏನಿದು ಆಟ?

ಇದರ ಹೆಸರು ‘ಡಂಜನ್ಸ್ ಅಂಡ್ ಡ್ರಾಗನ್ಸ್’. 1974ರಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅಮೆರಿಕದಲ್ಲಿ ಹೊರತಂದದ್ದು. ಗೈಗಾಕ್ಸ್ ಒಂದು ಕಾಲದ ವಿಮಾ ನೌಕರ. ಕೆಲಸ ಹೋದ ಮೇಲೆ ಮನೆಯಲ್ಲೇ ಚಪ್ಪಲಿ, ಬೂಟು ರಿಪೇರಿ ಮಾಡಿ ಸಂಸಾರ ಸಾಗಿಸಿದವರು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಬಂದ ಮೊದಲ ಮುದ್ರಣ 1000 ಪ್ರತಿ ಮಾತ್ರ.

ನಮ್ಮ ತಾಳಮದ್ದಳೆ ಕಂಡವರಿಗೆ ಈ ಆಟ ಅರ್ಥವಾಗುವುದು ಕಷ್ಟವಲ್ಲ. ವೇಷವಿಲ್ಲ, ಕುಣಿತವಿಲ್ಲ, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಕೂತಲ್ಲೇ ಆಶುವಾಗಿ ಮಾತಾಡಬೇಕು. ಕತೆ ನಡೆಸಲು ಒಬ್ಬ ಸೂತ್ರಧಾರ. ವ್ಯತ್ಯಾಸವೆಂದರೆ ಇಲ್ಲಿ ಕತೆಯ ಕೊನೆ ಯಾರಿಗೂ ಗೊತ್ತಿಲ್ಲ. ಬಾಗಿಲು ಮುರಿಯಿತೇ, ಬಾಣ ತಾಗಿತೇ ಎಂಬುದನ್ನು ದಾಳ ಹೇಳುತ್ತದೆ.

ಆ ವಿಚಿತ್ರ ದಾಳಗಳ ಮೂಲ ಯಾವುದು ಬಲ್ಲಿರಾ? ಶಾಲೆಗಳಿಗೆ ಬೋಧನಾ ಸಾಮಗ್ರಿ ಮಾರುವ ಕಂಪನಿಯ ಕೆಟಲಾಗು! ಗಣಿತದ ಮೇಷ್ಟ್ರುಗಳಿಗೆಂದು ತಯಾರಾದದ್ದು ಆಟಗಾರರ ಕೈ ಸೇರಿತು. 1979ರಲ್ಲಿ ದಾಳಗಳಿಗೆ ಎಷ್ಟು ಬರ ಬಂತೆಂದರೆ, ಆಟದ ಪೆಟ್ಟಿಗೆಯಲ್ಲಿ ದಾಳದ ಬದಲು ಅಂಕಿ ಬರೆದ ರಟ್ಟಿನ ಚೂರುಗಳನ್ನಿಟ್ಟು ಮಾರಿದರು.

ಭೂತಕ್ಕೂ ಜೀವಶಾಸ್ತ್ರ

ಇಂಟರ್‌ನೆಟ್ ಇಲ್ಲದ ಆ ದಿನಗಳಲ್ಲಿ ದೂರದೂರದ ಆಟಗಾರರನ್ನು ಬೆಸೆದದ್ದು ಪತ್ರಿಕೆಗಳೇ. ಅಮೆರಿಕದಲ್ಲಿ 1976ರ ಜೂನ್‌ನಲ್ಲಿ ‘ದಿ ಡ್ರಾಗನ್’ ಆರಂಭವಾಯಿತು. ಮರುವರ್ಷ ಇಂಗ್ಲೆಂಡಿನಲ್ಲಿ ‘ವೈಟ್ ಡ್ವಾರ್ಫ್’ ಬಂತು. ನಿಯಮದಲ್ಲಿ ಸಂಶಯ ಬಂದರೆ ಓದುಗರು ಅಂಚೆಯಲ್ಲಿ ಪ್ರಶ್ನೆ ಕಳಿಸಿ ಉತ್ತರಕ್ಕೆ ಕಾಯುತ್ತಿದ್ದರು. ಅದಕ್ಕೆಂದೇ 1979ರಲ್ಲಿ ‘ಸೇಜ್ ಅಡ್ವೈಸ್’ ಎಂಬ ಅಂಕಣ ತೆರೆಯಿತು.

ವಿಜ್ಞಾನ ಶಿಕ್ಷಕನಾದ ನನ್ನನ್ನು ಹಿಡಿದು ನಿಲ್ಲಿಸಿದ್ದು 1983ರ ಒಂದು ಲೇಖನ. ಗುಹೆಯ ಚಾವಣಿಯಿಂದ ಸುಣ್ಣದ ನೀರು ತೊಟ್ಟಿಕ್ಕಿ ಗಟ್ಟಿಯಾಗಿ ಇಳಿಬಿದ್ದ ಕಲ್ಲುಗಳನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ಅಂಥ ಕಲ್ಲಿನ ವೇಷದಲ್ಲಿ ನೇತಾಡುತ್ತ, ಕೆಳಗೆ ಬಂದವರ ತಲೆಯ ಮೇಲೆ ಬೀಳುವ ‘ಪಿಯರ್ಸರ್’ ಎಂಬ ಪ್ರಾಣಿ ಆಟದಲ್ಲಿದೆ. ಪೂರ್ತಿ ಕಲ್ಪನೆಯದು. ಆದರೆ ಲೇಖಕರು ಅಷ್ಟಕ್ಕೆ ಬಿಡಲಿಲ್ಲ. ಅದು ಬಸವನ ಹುಳುವಿನ ಬಳಗದ ಮೃದ್ವಂಗಿ, ಮೇಲಿನದು ಅದರ ಚಿಪ್ಪು ಎಂದು ಪಾಠದಂತೆ ವಿವರಿಸಿದರು. ಮುಂದೆ ಇದೇ ಜಾಡಿನಲ್ಲಿ ‘ಇಕಾಲಜಿ’ ಎಂಬ ಲೇಖನಮಾಲೆಯೇ ಬೆಳೆಯಿತು. ಇಲ್ಲದ ಪ್ರಾಣಿಯಾದರೂ ಸರಿ, ಅದು ಏನು ತಿನ್ನುತ್ತದೆ, ಎಲ್ಲಿ ಬದುಕುತ್ತದೆ ಎಂದು ಕೇಳುವ ಕುತೂಹಲ ವಿಜ್ಞಾನದ್ದಲ್ಲವೇ?

ದಾಳ ಪ್ರಾಮಾಣಿಕವೇ?

ಅದೇ 1983ರಲ್ಲಿ ‘ಡ್ರಾಗನ್’ ಇನ್ನೊಂದು ಪ್ರಶ್ನೆ ಎತ್ತಿಕೊಂಡಿತು: ನಿಮ್ಮ ದಾಳವನ್ನು ನಂಬಬಹುದೇ? ಉತ್ತರಕ್ಕೆ ಅದು ಕಲಿಸಿದ್ದು ಕೈ-ಸ್ಕ್ವೇರ್ ಪರೀಕ್ಷೆ. 1900ರಲ್ಲಿ ಕಾರ್ಲ್ ಪಿಯರ್ಸನ್ ರೂಪಿಸಿದ, ಇಂದಿಗೂ ಪದವಿ ತರಗತಿಗಳಲ್ಲಿ ಕಲಿಸುವ ಸಂಖ್ಯಾಶಾಸ್ತ್ರದ ಸಾಧನ!

ವಿದ್ಯಾರ್ಥಿಗಳೇ, ನೀವೂ ಮಾಡಿ ನೋಡಬಹುದು. ಲೂಡೋ ದಾಳವನ್ನು 60 ಸಲ ಹಾಕಿ. ಪ್ರತಿ ಮುಖವೂ 10 ಸಲ ಬೀಳಬೇಕೆಂಬುದು ನಿರೀಕ್ಷೆ. ನಿಜವಾಗಿ ಬಿದ್ದ ಸಂಖ್ಯೆಗೂ 10ಕ್ಕೂ ಇರುವ ವ್ಯತ್ಯಾಸವನ್ನು ವರ್ಗ ಮಾಡಿ, 10ರಿಂದ ಭಾಗಿಸಿ. ಆರೂ ಮುಖಗಳಿಗೆ ಹೀಗೆ ಮಾಡಿ ಕೂಡಿಸಿ. ಮೊತ್ತ 11.07 ದಾಟಿದರೆ ದಾಳದ ಮೇಲೆ ಸಂಶಯಪಡಬಹುದು. ನೆನಪಿರಲಿ, ಸಂಶಯ ಮಾತ್ರ. ಏಕೆಂದರೆ ಸರಿಯಾದ ದಾಳವೂ 100 ಪರೀಕ್ಷೆಗಳಲ್ಲಿ ಸುಮಾರು 5 ಸಲ ಈ ಗಡಿ ದಾಟುತ್ತದೆ.

ಓದುಗನೇ ಲೇಖಕ

ಈ ಪತ್ರಿಕೆಗಳ ಇನ್ನೊಂದು ವಿಶೇಷವೆಂದರೆ ಓದುಗರ ಬರಹಕ್ಕೆ ಕೊಟ್ಟ ಜಾಗ. ‘ವೈಟ್ ಡ್ವಾರ್ಫ್’ನಲ್ಲಿ ಓದುಗರು ಕಲ್ಪಿಸಿದ ಪ್ರಾಣಿಗಳಿಗೆಂದೇ ಒಂದು ಅಂಕಣವಿತ್ತು. 1979ರಲ್ಲಿ ಚಾರ್ಲ್ಸ್ ಸ್ಟ್ರಾಸ್ ಎಂಬ ಹದಿಹರೆಯದ ಹುಡುಗ ‘ಗಿತ್‌ಯಾಂಕಿ’ ಎಂಬ ಜನಾಂಗವನ್ನು ಸೃಷ್ಟಿಸಿ ಕಳಿಸಿದ. ಹೆಸರನ್ನು ತಾನು ಓದಿದ ಕಾದಂಬರಿಯೊಂದರಿಂದ ಎರವಲು ಪಡೆದಿದ್ದ. ಎರಡೇ ವರ್ಷದಲ್ಲಿ ಅದು ಆಟದ ಅಧಿಕೃತ ಪುಸ್ತಕದ ಮುಖಪುಟವೇರಿತು. 2023ರ ‘ಬಾಲ್ಡರ್ಸ್ ಗೇಟ್ 3’ ಎಂಬ ಕಂಪ್ಯೂಟರ್ ಆಟದಲ್ಲೂ ಅದಿದೆ. ಆ ಹುಡುಗ ಮುಂದೆ ಹ್ಯೂಗೋ ಪ್ರಶಸ್ತಿ ಪಡೆದ ವಿಜ್ಞಾನ ಕತೆಗಾರನಾದ.

ಹೆತ್ತವರ ಭಯ

ಅಕ್ಕನ ಆತಂಕ ಹೊಸದೇನಲ್ಲ. 1980ರ ದಶಕದಲ್ಲಿ ಅಮೆರಿಕದ ಅನೇಕ ತಂದೆತಾಯಿಯರು ಈ ಆಟ ಮಕ್ಕಳನ್ನು ಮಾಟಮಂತ್ರಕ್ಕೆ, ಹುಚ್ಚಿಗೆ ದೂಡುತ್ತದೆಂದು ಹೆದರಿದ್ದರು. 1979ರಲ್ಲಿ ಮಿಚಿಗನ್‌ನ ಕಾಲೇಜು ಹುಡುಗನೊಬ್ಬ ಕಾಣೆಯಾದಾಗ ಪತ್ರಿಕೆಗಳು ಆಟದತ್ತ ಬೆರಳು ತೋರಿದವು. ಅವನ ಕಷ್ಟಗಳು ಬೇರೆಯೇ ಇದ್ದವೆಂದು ಆಮೇಲೆ ತಿಳಿಯಿತು. ಆಟದತ್ತ ನೋಡಿದ ಗಲಾಟೆಯಲ್ಲಿ ಹುಡುಗನ ಮನಸ್ಸನ್ನು ನೋಡುವುದು ಮರೆತುಹೋಗಿತ್ತು.

ಮುದ್ರಿತ ‘ಡ್ರಾಗನ್’ 2007ರಲ್ಲಿ, 359ನೇ ಸಂಚಿಕೆಗೆ ನಿಂತಿತು. ‘ವೈಟ್ ಡ್ವಾರ್ಫ್’ ಸ್ವರೂಪ ಬದಲಿಸಿಕೊಂಡು ಈಗಲೂ ಬರುತ್ತಿದೆ.

ಊರಿಗೆ ಬಂದವನು ಒಂಬತ್ತನೇ ತರಗತಿಯಲ್ಲಿ ದಾಳದ ಪರೀಕ್ಷೆ ಮಾಡಿಸಿದೆ. ಒಂದು ಗುಂಪಿಗೆ 19, 5, 6, 9, 13, 8 ಬಿತ್ತು. ಮೊತ್ತ 13.6! ‘ಸಾರ್, ದಾಳ ಮೋಸದ್ದು’ ಎಂದು ಹುಡುಗರು ಕೂಗಿದರು. ಇನ್ನೊಮ್ಮೆ 60 ಸಲ ಹಾಕಿಸಿದೆ. ಈ ಸಲ ಬಂದದ್ದು 4.6. ಇಡೀ ತರಗತಿ ಸುಮ್ಮನಾಯಿತು.

ಅಂದು ರಾತ್ರಿ ಅಕ್ಕನಿಗೆ ಫೋನು ಮಾಡಿದೆ. ಜೂಜಲ್ಲವೆಂದೆ. ಪರೀಕ್ಷೆಯ ತಿಂಗಳಲ್ಲಿ ಆಟ ಬೇಡವೆಂದು ಅವನಿಂದ ಮಾತು ತೆಗೆದುಕೊಂಡಿರುವುದನ್ನೂ ಹೇಳಿದೆ. ‘ಮುಂದಿನ ಸಲ ಊರಿಗೆ ಬಂದಾಗ ನೀನೂ ಅವನ ಜೊತೆ ಒಂದಾಟ ಕೂತು ನೋಡಕ್ಕ’ ಎಂದೆ. ಒಂದೇ ಸಲ ದಾಳ ಹಾಕಿ ಅದನ್ನು ಮೋಸದ್ದು ಎನ್ನಲಾಗದು. ಮಕ್ಕಳ ವಿಷಯದಲ್ಲೂ ಅಷ್ಟೇ ಅಲ್ಲವೇ?