ದ್ರಾಕ್ಷೆಯ ಹುಳಿ, ಹುಣಸೆಯ ಹುಳಿ

ಪೋರ್ತುಗಲ್ ದೇಶದ ವಾಯವ್ಯ ಮೂಲೆಯಲ್ಲಿ, ಅಟ್ಲಾಂಟಿಕ್ ಸಾಗರದ ಮಳೆಗಾಳಿಗೆ ತೆರೆದುಕೊಂಡಿರುವ ಮಿನ್ಯೊ ಪ್ರಾಂತದಲ್ಲಿ ತಯಾರಾಗುವ ‘ವಿನ್ಯೊ ವೆರ್ದೆ’ ಎಂಬ ಬಿಳಿಯ ದ್ರಾಕ್ಷಾಮದ್ಯವು, ನಾಲಗೆಯ ಮೇಲೆ ಸಣ್ಣಗೆ ಚುರುಗುಟ್ಟುವ ಅಂಗಾರಾಮ್ಲ ವಾಯುವಿನಿಂದಲೂ, ಅದಕ್ಕಿಂತ ಹೆಚ್ಚಾಗಿ ತನ್ನ ಸ್ವಚ್ಛವಾದ ಹುಳಿಯಿಂದಲೂ ಹೆಸರಾಗಿದೆ. 1908ರಲ್ಲಿ ಅದರ ಸೀಮೆಯನ್ನು ಶಾಸನದಿಂದ ಗೊತ್ತುಪಡಿಸಲಾಯಿತು. ಅಲ್ಲಿಯ ರೈತರು ಬಳ್ಳಿಯನ್ನು ಎತ್ತರದ ಚಪ್ಪರಕ್ಕೆ ಹಬ್ಬಿಸಿ, ಅದರಡಿಯಲ್ಲಿ ಮುಸುಕಿನ ಜೋಳವನ್ನೂ ಕೋಸನ್ನೂ ಬೆಳೆದುಕೊಳ್ಳುತ್ತಿದ್ದರೆಂದು ಓದುವಾಗ, ಕಲ್ಲುಕಂಬಗಳ ಮೇಲೆ ತಂತಿ ಬಿಗಿದು ‘ಬೆಂಗಳೂರು ನೀಲಿ’ ದ್ರಾಕ್ಷೆಯನ್ನು ಬೆಳೆಯುವ ಚಿಕ್ಕಬಳ್ಳಾಪುರ ಸೀಮೆಯ ತೋಟಗಳು ತಾವಾಗಿಯೇ ಕಣ್ಣಿಗೆ ಕಟ್ಟುತ್ತವೆ.

ದ್ರಾಕ್ಷೆಯ ಹುಳಿಗೆ ಮುಖ್ಯವಾಗಿ ಎರಡು ಆಮ್ಲಗಳು ಕಾರಣ. ಅವುಗಳಲ್ಲಿ ಮ್ಯಾಲಿಕ್ ಆಮ್ಲವನ್ನು ಹಣ್ಣು ತಾನು ಮಾಗುವ ಕಾಲದಲ್ಲಿ ತನ್ನ ಉಸಿರಾಟಕ್ಕೇ ವ್ಯಯಿಸಿಬಿಡುತ್ತದೆ. ಸೆಕೆ ಹೆಚ್ಚಿದಷ್ಟೂ ಈ ವ್ಯಯ ಹೆಚ್ಚು, ತಂಪಾದ ಮಿನ್ಯೊದಲ್ಲಿ ಕಡಿಮೆ. ಹಿಂದೆ ಈ ಆಮ್ಲವೇ ಸೂಕ್ಷ್ಮಜೀವಿಗಳ ದೆಸೆಯಿಂದ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡುವಾಗ ಹೊರಬಿದ್ದ ವಾಯುವು ಆ ಚುರುಕನ್ನು ಕೊಡುತ್ತಿತ್ತು. ಈಗ ಬಹುಮಟ್ಟಿಗೆ ವಾಯುವನ್ನು ಹೊರಗಿನಿಂದ ಸೇರಿಸುತ್ತಾರೆ. ಎರಡನೆಯದಾದ ಟಾರ್ಟಾರಿಕ್ ಆಮ್ಲವಾದರೋ ಹಣ್ಣು ಮಾಗಿದರೂ ಸುಲಭವಾಗಿ ಕರಗಿಹೋಗುವಂಥದಲ್ಲ. ನಾವು ತಿನ್ನುವ ಹಣ್ಣುಗಳಲ್ಲಿ ಇದನ್ನು ಹೇರಳವಾಗಿ ಕೂಡಿಟ್ಟುಕೊಳ್ಳುವವು ಕೆಲವೇ. ಅವುಗಳಲ್ಲಿ ಒಂದು ದ್ರಾಕ್ಷೆ, ಮತ್ತೊಂದು ನಮ್ಮ ಹುಣಸೆ. ಹುಣಸೆಯ ತಿರುಳಿನಲ್ಲಿ ನೂರಕ್ಕೆ 8ರಿಂದ 18 ಭಾಗದವರೆಗೂ ಈ ಆಮ್ಲವಿರುವುದುಂಟು.

ಅದೇ ಚಿಕ್ಕಬಳ್ಳಾಪುರ ಸೀಮೆಗೆ ಸೇರಿದ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ, ಶಿಯಾ ಮುಸಲ್ಮಾನರೇ ಬಹುಸಂಖ್ಯಾತರಾಗಿರುವ, ರತ್ನವ್ಯಾಪಾರಕ್ಕೆ ಪ್ರಸಿದ್ಧವಾದ ಆ ಊರಿನಲ್ಲಿ, ಮದ್ಯಕ್ಕೆ ಧರ್ಮದ ಸಮ್ಮತಿಯಿಲ್ಲ. ಅದು ಗೌರವಿಸತಕ್ಕ ನಿಯಮ. ಆದರೆ ಮಿನ್ಯೊದ ಬುಡ್ಡಿಯೊಳಗಿನ ಆಮ್ಲವು ಹುಣಸೆಯ ರೂಪದಲ್ಲಿ ಆ ಸೀಮೆಯ ಅಡುಗೆಮನೆಗಳ ಭರಣಿಗಳಲ್ಲಿ ಇದ್ದೇ ಇದೆ. ಅಲ್ಲಿ ಮೀನಿಗೆ ಮದ್ಯವು ಮಾಡುವ ಉಪಕಾರವನ್ನು ಇಲ್ಲಿ ಹುಣಸೆಯು ಮಾಡುತ್ತದೆ.

ಆ ಉಪಕಾರವೇನೆಂಬುದು ರಸಾಯನಶಾಸ್ತ್ರದ ಅತ್ಯಂತ ಸೊಗಸಾದ ಪ್ರಕರಣಗಳಲ್ಲಿ ಒಂದೆಂದು ನನ್ನ ಎಣಿಕೆ. ಕಡಲಮೀನು ಸತ್ತ ಬಳಿಕ ಬ್ಯಾಕ್ಟೀರಿಯಾಗಳ ಕ್ರಿಯೆಯಿಂದ ಅದರಲ್ಲಿ ಟ್ರೈಮೀಥೈಲಮೀನ್ ಎಂಬ ಕ್ಷಾರಗುಣದ ವಸ್ತು ಹುಟ್ಟಿ ಗಾಳಿಗೆ ಹಾರುವುದರಿಂದ ನಮಗೆ ಮೀನಿನ ವಾಸನೆ ತಟ್ಟುತ್ತದೆ. ಹುಳಿ ತಾಕಿದೊಡನೆ ಅದು ಲವಣವಾಗಿ ಮಾರ್ಪಟ್ಟು, ಹಾರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕೆರೆಯ ಕಾಟ್ಲ, ರೋಹು ಮೀನುಗಳ ದೋಷವೇ ಬೇರೆ. ನೀಲಿಹಸುರು ಪಾಚಿಯೂ ಕೆಲವು ಸೂಕ್ಷ್ಮಜೀವಿಗಳೂ ನೀರಿನಲ್ಲಿ ಬಿಡುವ ಜಿಯೊಸ್ಮಿನ್ ಎಂಬ ಪದಾರ್ಥವು ಅವುಗಳ ಮಾಂಸದಲ್ಲಿ ಸೇರಿ ಕೆಸರಿನ ವಾಸನೆಯನ್ನು ಕೊಡುತ್ತದೆ. ಮೊದಲ ಮಳೆ ಬಿದ್ದಾಗ ನೆಲದಿಂದೇಳುವ ಪರಿಮಳವೂ ಬಹುಮಟ್ಟಿಗೆ ಇದರದೇ. ಹುಳಿಯಲ್ಲಿ ಜಿಯೊಸ್ಮಿನ್ ಒಡೆದು ವಾಸನೆಯಿಲ್ಲದ ವಸ್ತುವಾಗುವುದರಿಂದ, ಕೆರೆಮೀನಿನ ಸಾರಿಗೆ ಗಟ್ಟಿಯಾಗಿ ಹುಣಸೆರಸ ಹಿಂಡುವ ನಮ್ಮ ಹಳ್ಳಿಯ ಹೆಂಗಸರ ಪದ್ಧತಿಗೆ ಬಲವಾದ ಆಧಾರವಿದೆಯೆಂದಾಯಿತು.

ಕೆಂಪು ಮದ್ಯವು ಮೀನಿಗೆ ಒಗ್ಗದಿರುವುದಕ್ಕೂ ಕಾರಣವುಂಟು: ಅದರೊಳಗಿನ ಕಬ್ಬಿಣದ ಅಂಶವು ಮೀನಿನ ಕೊಬ್ಬಿನೊಡನೆ ವರ್ತಿಸಿ ಅಹಿತವಾದ ಕಮಟನ್ನು ಹುಟ್ಟಿಸುತ್ತದೆಯೆಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದರು. ಇನ್ನು ಮೆಣಸಿನಕಾಯಿಯ ಉರಿಯನ್ನು ಗ್ರಹಿಸುವ ನಮ್ಮ ನರಗ್ರಾಹಕವನ್ನು ಮದ್ಯಸಾರವೂ ಕೆರಳಿಸುವುದರಿಂದ, ಖಾರದ ಊಟಕ್ಕೆ ನೂರಕ್ಕೆ 9ರಿಂದ 11ರಷ್ಟೇ ಮದ್ಯಸಾರವುಳ್ಳ ವಿನ್ಯೊ ವೆರ್ದೆಯಂಥ ತೆಳುವಾದ ಪಾನವೇ ವಾಸಿ.

ಹಾಗೆಂದು ಇದನ್ನು ಹುಣಸೆಯ ಸಾರಿನೊಡನೆ ಕುಡಿಯುವುದು ಸರಿಯಲ್ಲ. ಊಟದ ಹುಳಿಯು ಪಾನದ ಹುಳಿಯನ್ನು ಮೀರಿದಾಗ ಪಾನವು ಸಪ್ಪೆಯಾಗುತ್ತದೆ. ಕುಡಿಯುವವರಿಗೆ ಅದು ಹೊಂದುವುದು ಉಪ್ಪುಖಾರ ಸವರಿ ಎಣ್ಣೆಯಲ್ಲಿ ಹುರಿದ ಮೀನಿಗೆ. ಮುದ್ದೆ, ಮೀನಿನ ಸಾರಿನ ಊಟಕ್ಕೆ ಬೇಕಾದ ಹುಳಿ ಬಟ್ಟಲಿನಲ್ಲಿಯೇ ಇರುವುದರಿಂದ, ಅದರ ಪಕ್ಕಕ್ಕೆ ತಣ್ಣನೆಯ ನೀರು ಸಾಕು.