ನಾಕ್ಸೋಸ್‌ನಲ್ಲಿ ಮನೆಮಂದಿಯ ಊಟ

ಗ್ರೀಸ್‌ಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಸ್ಯಾಂಟೊರಿನಿಯ ಬಿಳಿ ಗೋಡೆಗಳ ಮುಂದೆ ಫೋಟೊ ತೆಗೆಸಿಕೊಂಡು ಬಂದುಬಿಡುತ್ತಾರೆ. ಜೊತೆಯಲ್ಲಿ ಮಕ್ಕಳೋ ವಯಸ್ಸಾದವರೋ ಇದ್ದರೆ ನಾಕ್ಸೋಸ್‌ಗೆ ಹೋಗಿ ಎನ್ನುತ್ತೇನೆ ನಾನು. ಮುಖ್ಯ ಕಾರಣ, ಊಟ.

ಸೈಕ್ಲಡೀಸ್ ದ್ವೀಪಗಳಲ್ಲೆಲ್ಲ ದೊಡ್ಡದು ಇದು, ಸುಮಾರು 430 ಚದರ ಕಿ.ಮೀ. ಸುತ್ತಲಿನ ದ್ವೀಪಗಳು ಬಹುಪಾಲು ಒಣ ಬಂಡೆ. ಇಲ್ಲಿ ಮಾತ್ರ ಸಾವಿರ ಮೀಟರ್ ಎತ್ತರದ ಝಾಸ್ ಬೆಟ್ಟ, ಅದರ ಕೆಳಗೆ ಕಣಿವೆ, ಹೊಲ, ದನಕರು. ಹೀಗಾಗಿ ತಟ್ಟೆಗೆ ಬರುವುದರಲ್ಲಿ ಬಹಳಷ್ಟು ಊರಿನದೇ ಬೆಳೆ.

ಮೊದಲು ಆಲೂಗಡ್ಡೆ ಹೇಳಿ. ಇಲ್ಲಿನ ಆಲೂಗಡ್ಡೆಗೆ ಐರೋಪ್ಯ ಒಕ್ಕೂಟದ ಭೌಗೋಳಿಕ ಸೂಚಕ ಸಿಕ್ಕಿದೆ. ಒಳ್ಳೆಯ ಟವೆರ್ನಾದಲ್ಲಿ, ಅಂದರೆ ಗ್ರೀಕ್ ಊಟದ ಹೋಟೆಲಿನಲ್ಲಿ, ಅದನ್ನು ಕೈಯಲ್ಲೇ ಹೆಚ್ಚಿ, ಆಲಿವ್ ಎಣ್ಣೆಯಲ್ಲಿ ಕರಿದು, ಮೇಲೆ ಗ್ರಾವಿಯೆರಾ ಚೀಸ್ ತುರಿದು ತರುತ್ತಾರೆ. ಹೋಳುಗಳು ಒಂದೇ ಅಳತೆಯವಲ್ಲ: ಸಣ್ಣವು ಗರಿಗರಿ, ದಪ್ಪವು ಒಳಗೆ ಬೆಣ್ಣೆಯಂತೆ ಮೆತ್ತಗೆ. ಖಾರವೆಂಬುದೇ ಇಲ್ಲದ್ದರಿಂದ ಹಟಮಾರಿ ಮಕ್ಕಳೂ ಕೈಹಾಕುತ್ತಾರೆ. ಗ್ರಾವಿಯೆರಾ ಕೂಡ ಇಲ್ಲಿನದೇ, ಹೆಚ್ಚಾಗಿ ಹಸುವಿನ ಹಾಲಿನದು. 1996ರಲ್ಲೇ ಅದರ ಹೆಸರಿಗೆ ರಕ್ಷಣೆ ದೊರೆಯಿತು.

ಸಸ್ಯಾಹಾರಿಗಳಿಗೆ ಇಲ್ಲಿ ಹಸಿದಿರುವ ಪ್ರಮೇಯವಿಲ್ಲ. ಆರ್ಥೊಡಾಕ್ಸ್ ಕ್ರೈಸ್ತರ ವ್ರತದ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ವರ್ಜ್ಯ. ಆ ಸಂಪ್ರದಾಯದಲ್ಲೇ ಬೆಳೆದ ಅಡುಗೆಗಳು ಎಷ್ಟೊಂದು: ಬೇಳೆ ಬೇಯಿಸಿ ಕಡೆದ ಫಾವಾ, ಕಾಬೂಲಿ ಕಡಲೆಯ ರೆವಿಥಿಯಾ, ಅನ್ನ ತುಂಬಿ ಒಲೆಯಲ್ಲಿ ಬೇಯಿಸಿದ ಟೊಮೆಟೊ. "ನಿಸ್ತೀಸಿಮೊ (ವ್ರತದ ಅಡುಗೆ) ಏನಿದೆ" ಎಂದು ಕೇಳಿದರೆ ಇವನ್ನೇ ತೋರಿಸುತ್ತಾರೆ. ಆದರೆ ಎಚ್ಚರ ಬೇಕು, ವ್ರತದಲ್ಲಿ ಆಕ್ಟೋಪಸ್, ಸಿಗಡಿಗೆ ನಿಷೇಧವಿಲ್ಲ. ತುಂಬಿದ ಟೊಮೆಟೊದಲ್ಲಿ ಕೆಲವರು ಕೈಮಾ ಸೇರಿಸುತ್ತಾರೆ. ಹಲವು ಚೀಸ್‌ಗಳಿಗೆ ಹಾಲು ಒಡೆಸುವುದು ಪ್ರಾಣಿಮೂಲದ ರೆನೆಟ್‌ನಿಂದ. ಕಟ್ಟುನಿಟ್ಟಿನವರು ಬಾಯಿಬಿಟ್ಟು ಕೇಳಲೇಬೇಕು.

ನನಗೆ ಎಲ್ಲಕ್ಕಿಂತ ಹಿಡಿಸುವುದು ಉಣ್ಣುವ ರೀತಿ. ತಲೆಗೊಂದು ತಟ್ಟೆ ತರಿಸುವ ಗೋಜಿಲ್ಲ. ಎಲ್ಲವೂ ಮೇಜಿನ ನಡುವೆ, ಬೇಕಾದವರು ಬೇಕಾದಷ್ಟು ಬಡಿಸಿಕೊಳ್ಳುತ್ತಾರೆ. ಮೇಜಿಗೆ ಕಾಗದದ ಹಾಸು, ಗಾಳಿಗೆ ಹಾರದಂತೆ ಸುತ್ತ ಎಲಾಸ್ಟಿಕ್. ಚೆಲ್ಲಿದರೂ ಯಾರೂ ಹುಬ್ಬೇರಿಸುವುದಿಲ್ಲ. ಆಯಿಯೋಸ್ ಪ್ರೊಕೋಪಿಯೋಸ್ ಕಡಲತೀರದ ಕಡೆ ಕೂತರಂತೂ ಅಡುಗೆ ಬರುವವರೆಗೆ ಮಕ್ಕಳಿಗೆ ಮರಳಿದೆ. ಸ್ಥಳೀಯರು ರಾತ್ರಿ ಒಂಬತ್ತರ ಮೇಲೆ ಮಕ್ಕಳನ್ನೂ ಕರೆದುಕೊಂಡೇ ಊಟಕ್ಕೆ ಬರುತ್ತಾರೆ. ನಮ್ಮ ಮಕ್ಕಳಿಗೆ ಅಷ್ಟು ತಡ ಆಗದಿದ್ದರೆ ಏಳಕ್ಕೇ ಹೋಗಿ, ಜಾಗವೂ ಸುಲಭವಾಗಿ ಸಿಗುತ್ತದೆ.

ಕೊನೆಯಲ್ಲಿ ಎಷ್ಟೋ ಕಡೆ ಕೇಳದೆಯೇ ಕಲ್ಲಂಗಡಿ ಹೋಳೋ ಸಿಹಿಯೋ ಬರುತ್ತದೆ, ಅದಕ್ಕೆ ದುಡ್ಡಿಲ್ಲ. ಬಿಲ್ಲನ್ನು ಮಾತ್ರ ನೀವಾಗಿ ಕೇಳುವ ತನಕ ಸಾಮಾನ್ಯವಾಗಿ ತರುವುದಿಲ್ಲ. ಉಂಡು ಕೂತವರನ್ನು ಎಬ್ಬಿಸುವುದು ಅವರಿಗೆ ಮರ್ಯಾದೆಯಲ್ಲ.