ಪ್ರೋತ್ಸಾಹಧನ ಮತ್ತು ಹಾಲಿನ ದರ

ಎನ್. ಬೇಗೂರಿನ ಕಡೆ ತಾವು ಸಹಕಾರ ಸಂಘಕ್ಕೆ ಹಾಕುವ ಹಾಲಿಗೆ ಎರಡು ಬಗೆಯ ಹಣ ಬರುತ್ತದೆ: ಒಕ್ಕೂಟದ ಖರೀದಿ ದರ ಮತ್ತು ಸರ್ಕಾರದ ಪ್ರೋತ್ಸಾಹಧನ. 2008ರಲ್ಲಿ ಲೀಟರಿಗೆ 2 ರೂ. ಇದ್ದ ಪ್ರೋತ್ಸಾಹಧನ 2013ರಲ್ಲಿ 4, 2016ರಲ್ಲಿ 5 ರೂ. ಆಯಿತು. ಖಾಸಗಿ ಡೇರಿಗೆ ಹಾಕಿದ ಹಾಲಿಗೆ ಇದಿಲ್ಲ. ತಮ್ಮ ಹಾಲು ಬೇಕಾದರೆ ಅವರು ಅಷ್ಟನ್ನು ಸ್ವಂತ ಗಂಟಿನಿಂದಲೇ ಕೊಡಬೇಕು.

ಆದರೆ ನಂದಿನಿ ಹಾಲಿನ ಮಾರಾಟ ದರ ಏರಿಸಲು ಸರ್ಕಾರದ ಒಪ್ಪಿಗೆ ಬೇಕು. ಅದು ಸಿಗುವ ತನಕ ಒಕ್ಕೂಟಕ್ಕೂ ಖರೀದಿ ದರ ಹೆಚ್ಚಿಸುವುದು ಕಷ್ಟ. ನಂದಿನಿ ಅಗ್ಗವಾಗಿರುವಾಗ ಖಾಸಗಿಯವರೂ ದರ ಏರಿಸಲು ಹಿಂಜರಿಯುತ್ತಾರೆ. ಹಿಂಡಿ, ಬೂಸಾದ ದರಕ್ಕೆ ಮಾತ್ರ ಇಂಥ ತಡೆಯಿಲ್ಲ! ಹೀಗೆ ಪ್ರೋತ್ಸಾಹಧನದ ಒಂದು ಪಾಲು ಸುತ್ತಿಬಳಸಿ ಪೇಟೆಯ ಗ್ರಾಹಕರ ಲೋಟ ಸೇರುತ್ತದೆ. 2025ರ ಏಪ್ರಿಲ್‌ನಲ್ಲಿ ಮಾರಾಟ ದರ 4 ರೂ. ಏರಿದಾಗ ಆ ಹಣ ಉತ್ಪಾದಕರಿಗೇ ಎಂದು ಸರ್ಕಾರ ಹೇಳಿತ್ತು. ಅದನ್ನು ಹುಡುಕಬೇಕಾದದ್ದು ಖರೀದಿ ದರದಲ್ಲಿ, ಪ್ರೋತ್ಸಾಹಧನದಲ್ಲಿ ಅಲ್ಲ.